ಹಳೇ ಮಿಲಿಟರಿ ಲಾರಿಯ ವೈರಿಂಗ್: 24 ವೋಲ್ಟನ್ನು ಯಾಕೆ ಉಳಿಸಿಕೊಳ್ಳಬೇಕು

ಹಳೆಯ ಮಿಲಿಟರಿ ಲಾರಿಯನ್ನು ರಿಪೇರಿಗೆ ಎತ್ತಿಕೊಂಡವರು ಎಂಜಿನ್ನಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಗೇರ್ ಬಾಕ್ಸು, ಟೈರು, ಹಸಿರು ಬಣ್ಣದ ಸರಿಯಾದ ಛಾಯೆ, ಎಲ್ಲಕ್ಕೂ ಅವರಲ್ಲಿ ತಾಳ್ಮೆ ಇರುತ್ತದೆ. ವೈರಿಂಗ್ ವಿಷಯ ಬಂದಾಗ ಮಾತ್ರ ಬಹಳಷ್ಟು ಜನರದ್ದು ಒಂದೇ ಮಾತು: ಇದ್ದದ್ದನ್ನೆಲ್ಲ ಕಿತ್ತುಹಾಕಿ 12 ವೋಲ್ಟಿಗೆ ಬದಲಾಯಿಸಿಬಿಡಿ, ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ. ಅದರಲ್ಲಿ ಅನುಕೂಲ ಇದೆ, ಒಪ್ಪುತ್ತೇನೆ. ಆದರೆ ಡಾಜ್ ಎಂ37 ಲಾರಿಯೊಂದರ ವೈರಿಂಗನ್ನು ಎಳೆ ಎಳೆಯಾಗಿ ಬಿಡಿಸಿ ಮತ್ತೆ ಕಟ್ಟುತ್ತ ಬಂದ ಮೇಲೆ ನನಗೆ ಆ ಸಲಹೆ ಹಿಡಿಸುತ್ತಿಲ್ಲ. ಇಡೀ ಗಾಡಿಯಲ್ಲಿ ಅತ್ಯಂತ ಯೋಚಿಸಿ ಮಾಡಿದ ಭಾಗ ಯಾವುದು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಅದರ ವೈರಿಂಗನ್ನೇ.

ಎಂ37 ಮುಕ್ಕಾಲು ಟನ್ನಿನ ಫೋರ್ ವೀಲ್ ಡ್ರೈವ್ ಲಾರಿ. 1951ರಿಂದ 1968ರವರೆಗೆ ತಯಾರಾಯಿತು. ಆರು ಸಿಲಿಂಡರಿನ ಹಳೇ ಮಾದರಿ ಪೆಟ್ರೋಲ್ ಎಂಜಿನ್, ಚೌಕಾಕಾರದ ಮೂತಿ, ಹಿಂದೆ ಸಣ್ಣ ತೊಟ್ಟಿ. ಎರಡನೇ ಮಹಾಯುದ್ಧದಲ್ಲಿ ಡಾಜ್ ಕಂಪನಿ ಅಮೆರಿಕದ ಸೈನ್ಯಕ್ಕೆ ಮಾಡಿಕೊಟ್ಟ ಗಾಡಿಗಳ ಮುಂದಿನ ತಲೆಮಾರು ಇದು. ಹೊರಗಿನಿಂದ ನೋಡಿದರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಬಾನೆಟ್ ಎತ್ತಿದರೆ ಸಂಬಂಧವೇ ಇಲ್ಲದಷ್ಟು ಬದಲಾಗಿದೆ.

ಯುದ್ಧಕಾಲದ ಅಮೆರಿಕದ ಗಾಡಿಗಳಲ್ಲಿ, ವಿಲ್ಲೀಸ್ ಜೀಪಿನಿಂದ ಹಿಡಿದು ಜಿಎಂಸಿಯ ಎರಡೂವರೆ ಟನ್ ಲಾರಿಯವರೆಗೆ, ಸಾಮಾನ್ಯವಾಗಿ ಇದ್ದದ್ದು 6 ವೋಲ್ಟ್. ರೇಡಿಯೊ ಹೊರುವ ಕೆಲವು ಗಾಡಿಗಳಿಗೆ 12 ವೋಲ್ಟಿನ ಬೇರೆಯೇ ಏರ್ಪಾಡು. ಯುದ್ಧ ಮುಗಿದ ಮೇಲೆ ಹೊಸ ಪೀಳಿಗೆಯನ್ನು ರೂಪಿಸುವಾಗ ಎಂ38 ಜೀಪು, ಎಂ37, ಎರಡೂವರೆ ಟನ್ನಿನ ಎಂ35, ಎಲ್ಲಕ್ಕೂ 24 ವೋಲ್ಟ್ ಎಂದು ತೀರ್ಮಾನವಾಯಿತು. ಇದರ ಹಿಂದಿನ ಲೆಕ್ಕ ಸರಳ. ಸ್ಟಾರ್ಟರ್ ಮೋಟಾರಿಗೆ 2400 ವ್ಯಾಟ್ ಬೇಕು ಅಂದುಕೊಳ್ಳಿ. 6 ವೋಲ್ಟಿನಲ್ಲಿ 400 ಆಂಪಿಯರ್ ಹರಿಯಬೇಕು, 24 ವೋಲ್ಟಿನಲ್ಲಿ 100 ಸಾಕು. ವೈರಿನಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಅದೇ ವೈರು, ಅದೇ ಕೆಲಸ ಇದ್ದರೂ ನಷ್ಟ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೊರೆಯುವ ಚಳಿಯಲ್ಲಿ ಗಟ್ಟಿಯಾದ ಎಣ್ಣೆಯೊಳಗೆ ಎಂಜಿನ್ ತಿರುಗಿಸುವಾಗ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ಇನ್ನೊಂದು ಲಾಭ ಇದೆ: ಎಲ್ಲ ಗಾಡಿಗಳಲ್ಲೂ ಒಂದೇ ವೋಲ್ಟೇಜ್ ಇದ್ದರೆ, ಬ್ಯಾಟರಿ ಸತ್ತ ಜೀಪನ್ನು ಪಕ್ಕದ ಲಾರಿಯಿಂದ ಕೇಬಲ್ ಎಳೆದು ಎಬ್ಬಿಸಬಹುದು. ಮುಂದೆ ನ್ಯಾಟೊ ದೇಶಗಳು ಅದಕ್ಕೆಂದೇ ಒಂದೇ ಮಾದರಿಯ ಸಾಕೆಟ್ಟನ್ನು ಒಪ್ಪಿಕೊಂಡವು.

12 ವೋಲ್ಟಿಗೆ ಬದಲಾಯಿಸುವವರು ಈ ಲೆಕ್ಕವನ್ನು ಹಿಂದಕ್ಕೆ ತಿರುಗಿಸುತ್ತಾರೆ. 24 ವೋಲ್ಟಿಗೆ ಅಳೆದು ಹಾಕಿದ ವೈರಿನಲ್ಲಿ ಈಗ ಎರಡರಷ್ಟು ಕರೆಂಟ್ ಹರಿಯಬೇಕು. ಬಲ್ಬು, ಗೇಜು, ಕಾಯಿಲ್ಲು, ಹಾರ್ನು, ಸ್ಟಾರ್ಟರ್, ಡೈನಮೋ, ಎಲ್ಲವನ್ನೂ ಬದಲಾಯಿಸಬೇಕು. ಎಲ್ಲ ಮುಗಿದ ಮೇಲೆ ಕೈಯಲ್ಲಿ ಉಳಿಯುವುದು ಮಿಲಿಟರಿ ಲಾರಿಯ ಮೈಯೊಳಗೆ ಹಳೇ ಕಾರೊಂದರ ವೈರಿಂಗ್.

ಮೂಲ ವೈರಿಂಗಿನ ಅಂದ ನೋಡಬೇಕಾದರೆ ಡ್ಯಾಶ್‌ಬೋರ್ಡಿನ ಹಿಂದೆ ತಲೆ ತೂರಿಸಬೇಕು. ಮನೆಮಂದಿ ಓಡಿಸುವ ಕಾರುಗಳಲ್ಲಿ ವೈರುಗಳನ್ನು ಬಣ್ಣದಿಂದ ಗುರುತಿಸುತ್ತಾರೆ. ಇಲ್ಲಿ ವೈರುಗಳೆಲ್ಲ ಹೆಚ್ಚುಕಡಿಮೆ ಒಂದೇ ಮಂಕು ಬಣ್ಣ. ಗುರುತು ಇರುವುದು ವೈರಿನ ತುದಿಗೆ ಸುತ್ತಿದ ತೆಳು ಲೋಹದ ಪಟ್ಟಿಯಲ್ಲಿ. ಮೊದಲು ನೋಡಿದಾಗ ಅದು ಗ್ರೀಸು, ಧೂಳು, ಯಾರೋ ಎಂದೋ ಹೊಡೆದ ಬಣ್ಣ ಎಲ್ಲ ಸೇರಿದ ಒಂದು ಕಪ್ಪು ಗಂಟು, ಅಷ್ಟೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿದರೆ ಮೊದಲು ಪಟ್ಟಿಯ ಅಂಚು ಹೊಳೆಯುತ್ತದೆ. ಆಮೇಲೆ ಒತ್ತಿ ಮೂಡಿಸಿದ ಅಂಕಿ ಕಾಣುತ್ತದೆ. ಓದಲು ಆಗದಿದ್ದರೆ ಉಗುರಿನ ತುದಿಯಿಂದ ಸವರಿದರೂ ಸಾಕು, ಏಳೋ ಎಂಟೋ ಅಂತ ಬೆರಳಿಗೇ ಗೊತ್ತಾಗುತ್ತದೆ.

ಈ ನಂಬರುಗಳು ಆ ಒಂದು ಲಾರಿಗೆ ಸೇರಿದವಲ್ಲ. 17 ಅಂದರೆ ಹೆಡ್‌ಲೈಟಿನ ಹೈ ಬೀಮ್, 18 ಅಂದರೆ ಲೋ ಬೀಮ್. 19 ಬ್ಲ್ಯಾಕ್‌ಔಟ್ ದೀಪದ್ದು (ಶತ್ರುವಿಗೆ ಕಾಣದಂತೆ ಕತ್ತಲಲ್ಲಿ ಓಡಿಸಲು ಇರುವ ಮಂಕು ದೀಪ), 24 ಹಿಂದಿನ ಬ್ಲ್ಯಾಕ್‌ಔಟ್ ದೀಪದ್ದು. 28 ಪೆಟ್ರೋಲ್ ಟ್ಯಾಂಕಿನ ಗೇಜಿಗೆ, 33 ನೀರಿನ ಬಿಸಿ ತೋರಿಸುವುದಕ್ಕೆ, 36 ಆಯಿಲ್ ಪ್ರೆಷರಿಗೆ. ಈ ಪೀಳಿಗೆಯ ಜೀಪಿಗೂ ಇದೇ, ಎಂ35ಕ್ಕೂ ಇದೇ. ಒಂದು ಗಾಡಿಯಲ್ಲಿ ಕಲಿತ ಮೆಕ್ಯಾನಿಕ್ಕು ಇನ್ನೊಂದರ ಕೆಳಗೆ ಮಲಗಿ, ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಕೆಸರಿನಲ್ಲಿ ಬಣ್ಣ ಕಾಣದಿದ್ದರೂ ವೈರು ಹುಡುಕಿ ಜೋಡಿಸಬಹುದಿತ್ತು. ಇದನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಬೆಳಕಿರುವ ವರ್ಕ್‌ಶಾಪಲ್ಲ. ದಣಿದ, ಹೆದರಿದ, ಇಪ್ಪತ್ತು ವಯಸ್ಸಿನ ಹುಡುಗನೊಬ್ಬ ಕತ್ತಲಲ್ಲಿ ಈ ಕೆಲಸ ಮಾಡಬೇಕಾಗುತ್ತದೆ ಎಂದು ಅವರು ಯೋಚಿಸಿದ್ದರು. ಪಟ್ಟಿಗಳನ್ನು ತೊಳೆಯುತ್ತ ಕೂತಾಗಲೆಲ್ಲ ಆ ಹುಡುಗ ನೆನಪಾಗುತ್ತಾನೆ. ಅವನಿಗಾಗಿ ಮಾಡಿದ ಉಪಕಾರವನ್ನು ಕತ್ತರಿಸಿ ಕಸಕ್ಕೆ ಹಾಕಲು ನನಗೆ ಮನಸ್ಸಾಗುವುದಿಲ್ಲ.

ಆದ್ದರಿಂದ ನನ್ನ ಪದ್ಧತಿ ಇದು. ಹಳೇ ಹಾರ್ನೆಸ್ಸನ್ನು, ಅಂದರೆ ವೈರುಗಳ ಇಡೀ ಕಟ್ಟನ್ನು, ತುಂಡು ಮಾಡದೆ ಇಡಿಯಾಗಿ ಹೊರತೆಗೆಯುವುದು. ಪ್ಲೈವುಡ್ ಹಲಗೆಯ ಮೇಲೆ ಅದು ಲಾರಿಯಲ್ಲಿ ಹೇಗೆ ಬಾಗಿ ಹೋಗುತ್ತಿತ್ತೋ ಹಾಗೆಯೇ ಹರಡಿ ಮೊಳೆ ಹೊಡೆದು ನಿಲ್ಲಿಸುವುದು. ಪಕ್ಕದಲ್ಲೇ ಹೊಸ ವೈರು ಎಳೆಯುವುದು. ಹಳೇ ಪಟ್ಟಿ ಗಟ್ಟಿಯಾಗಿದ್ದರೆ ಬಿಚ್ಚಿ ಹೊಸ ವೈರಿಗೆ ಸುತ್ತುವುದು, ಮುರಿದಿದ್ದರೆ ಅದೇ ನಂಬರು ಒತ್ತಿದ ಹೊಸ ಪಟ್ಟಿ. ಒಂದೊಂದು ವೈರಿಗೂ ರಬ್ಬರ್ ಕವಚದ ತನ್ನದೇ ಕನೆಕ್ಟರ್ ಇರುತ್ತದೆ. ಗಂಡು ಹೆಣ್ಣು ಎರಡನ್ನೂ ಒತ್ತಿ ಕೂಡಿಸಿದರೆ ನೀರು ಹೋಗದಂತೆ ಬಿಗಿಯುತ್ತದೆ. ರಬ್ಬರಿಗೆ ಸಿಲಿಕೋನ್ ಗ್ರೀಸ್ ಒಂದಿಷ್ಟು ಸವರಿಕೊಳ್ಳಬೇಕು, ಬಿಚ್ಚುವಾಗ ವೈರನ್ನು ಎಳೆಯದೆ ರಬ್ಬರನ್ನೇ ಹಿಡಿದು ತಿರುಚಬೇಕು.

ಹಳೇ ವೈರನ್ನೇ ಉಳಿಸಿಕೊಳ್ಳಬಾರದೇ ಎಂದು ಕೇಳುತ್ತಾರೆ. ತುದಿಯಿಂದ ಒಂದಿಂಚು ಇನ್ಸುಲೇಷನ್ ಸುಲಿದು ನೋಡಿ. ತಾಮ್ರ ಕಪ್ಪಾಗಿದ್ದರೆ ಬೆಸುಗೆ ಹಿಡಿಯುವುದಿಲ್ಲ, ತುದಿಗೆ ಲೋಹದ ಲಗ್ ಒತ್ತಿದರೂ ಸಂಪರ್ಕ ನಿಲ್ಲುವುದಿಲ್ಲ. ರಬ್ಬರು ಮಡಚಿದಲ್ಲಿ ಬಿರುಕು ಬಿಟ್ಟು ಉದುರುತ್ತಿದ್ದರೆ ಅದರೊಡನೆ ವಾದ ಬೇಡ. ಮಲ್ಟಿಮೀಟರ್ ಇಟ್ಟು "ಬೀಪ್ ಬರ್ತಿದೆ, ವೈರ್ ಚೆನ್ನಾಗಿದೆ" ಅನ್ನುವವರಿಗೆ ಒಂದು ಮಾತು: ಹತ್ತೊಂಬತ್ತು ಎಳೆಗಳಲ್ಲಿ ಹದಿನೆಂಟು ತುಂಡಾಗಿ ಒಂದೇ ಉಳಿದಿದ್ದರೂ ಆ ಮೀಟರ್ ಬೀಪ್ ಅನ್ನುತ್ತದೆ. ಅದು ಕಳಿಸುವ ಕರೆಂಟ್ ಅಷ್ಟು ಸಣ್ಣದು. ಹೆಡ್‌ಲೈಟ್ ಬಲ್ಬೊಂದನ್ನು ಜೋಡಿಸಿ, ಉರಿಸಿ, ವೈರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಬೀಳುತ್ತದೆ ಎಂದು ಅಳೆದರೆ ಮಾತ್ರ ನಿಜ ಹೊರಬರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿಗೆ ಬರುತ್ತೇನೆ: ಅರ್ತ್. ಈ ಲಾರಿಯಲ್ಲಿ ಬ್ಯಾಟರಿಯ ನೆಗೆಟಿವ್ ಚಾಸಿಗೆ ಸೇರುತ್ತದೆ. ಪಾಸಿಟಿವ್ ಕಡೆಯಿಂದ ಕರೆಂಟ್ ವೈರಿನಲ್ಲಿ ಬಂದು ಬಲ್ಬು ಉರಿಸಿ, ವಾಪಸ್ಸು ಹೋಗುವುದು ದೀಪದ ಬುರುಡೆ, ಅದನ್ನು ಹಿಡಿದ ಬೋಲ್ಟು, ಮಡ್‌ಗಾರ್ಡು, ಚಾಸಿ, ಹೀಗೆ. ಅಂದರೆ ಸರ್ಕಿಟ್ಟಿನ ಅರ್ಧ ಭಾಗ ನಕ್ಷೆಯಲ್ಲಿ ಒಂದು ಸಣ್ಣ ಗೆರೆಯಷ್ಟೇ, ಲಾರಿಯಲ್ಲಿ ಮಾತ್ರ ಅದು ಹತ್ತಾರು ಬೋಲ್ಟುಗಳ ಸರಪಳಿ.

ಚೆನ್ನಾಗಿ ರಿಪೇರಿ ಮಾಡಿದ ಲಾರಿಗಳೇ ಇಲ್ಲಿ ಹೆಚ್ಚು ಕೈಕೊಡುತ್ತವೆ. ಪ್ರತಿ ಭಾಗವನ್ನೂ ಬಿಚ್ಚಿ, ತುಕ್ಕು ತೆಗೆದು, ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಬಣ್ಣ ಕೊಟ್ಟು ಜೋಡಿಸಿರುತ್ತಾರೆ. ನೋಡಲು ಕಣ್ಣಿಗೆ ಹಬ್ಬ. ಆದರೆ ಬಣ್ಣ ಕರೆಂಟನ್ನು ತಡೆಯುತ್ತದೆ. ಹಳೇ ಲಾರಿಯಲ್ಲಿ ಲೋಹಕ್ಕೆ ಲೋಹ ತಾಗುತ್ತಿದ್ದ ಜಾಗದಲ್ಲೆಲ್ಲ ಈಗ ನಾಲ್ಕು ಪದರ ಬಣ್ಣ ಕೂತಿದೆ. ಹೆಡ್‌ಲೈಟ್ ಮಂಕು, ಬ್ರೇಕ್ ಒತ್ತಿದರೆ ಪಕ್ಕದ ಬೇರೆ ದೀಪವೂ ಮಿನುಗುತ್ತದೆ, ಗೇಜಿನ ಮುಳ್ಳು ದೀಪ ಹಾಕಿದಾಗ ಕುಣಿಯುತ್ತದೆ. ಮಾಲೀಕರು ಸ್ವಿಚ್ಚು ಬದಲಾಯಿಸುತ್ತಾರೆ, ಬಲ್ಬು ಬದಲಾಯಿಸುತ್ತಾರೆ, ಕೊನೆಗೆ ಹಾರ್ನೆಸ್ಸನ್ನೇ ಬೈಯುತ್ತಾರೆ.

ಪರೀಕ್ಷೆ ಕಷ್ಟವಲ್ಲ. ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದನ್ನು ದೀಪದ ಲೋಹದ ಮೈಮೇಲೆ ಇಡಿ. ಸೊನ್ನೆಯ ಹತ್ತಿರ ಇರಬೇಕು. 4 ವೋಲ್ಟ್ ತೋರಿಸಿದರೆ ಬಲ್ಬಿಗೆ ಸಿಗುತ್ತಿರುವುದು 20 ಮಾತ್ರ. ಆರನೇ ಒಂದು ಭಾಗ ತಾನೇ ಹೋಯಿತು ಎಂದುಕೊಳ್ಳಬೇಡಿ. ಫಿಲಮೆಂಟ್ ಬಲ್ಬಿನಲ್ಲಿ ವೋಲ್ಟ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ, ಇಷ್ಟಕ್ಕೇ ಹೆಚ್ಚುಕಡಿಮೆ ಅರ್ಧ ಬೆಳಕು ಹೋಗಿರುತ್ತದೆ. ಆಮೇಲೆ ಕಡ್ಡಿಯನ್ನು ದೀಪದಿಂದ ಮಡ್‌ಗಾರ್ಡಿಗೆ, ಮಡ್‌ಗಾರ್ಡಿನಿಂದ ಚಾಸಿಗೆ ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತ ಬಂದರೆ ಯಾವ ಬೋಲ್ಟಿನ ಹತ್ತಿರ ಅಂಕಿ ಥಟ್ಟನೆ ಬೀಳುತ್ತದೋ ಅಲ್ಲೇ ದೋಷ.

ಸರಿಪಡಿಸುವ ಕೆಲಸಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು, ಯಾಕೆಂದರೆ ಕಷ್ಟಪಟ್ಟು ಹೊಡೆದ ಬಣ್ಣವನ್ನು ಕೆರೆಯಬೇಕು. ಬೋಲ್ಟಿನ ತಲೆ ಕೂರುವಷ್ಟು ಅಗಲಕ್ಕೆ ಮಾತ್ರ ಎಮ್ರಿ ಪೇಪರಿನಿಂದ ಉಜ್ಜಿ, ಲೋಹ ಹೊಳೆಯುವವರೆಗೆ ತೆಗೆಯುತ್ತೇನೆ. ಮಧ್ಯೆ ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿಯುತ್ತೇನೆ. ಬಿಗಿದ ಮೇಲೆ ಸುತ್ತ ಗ್ರೀಸು, ಬೇಕಿದ್ದರೆ ಹೊರಗಿನಿಂದ ಬಣ್ಣದ ಒಂದು ಕುಂಚ. ಹೊರಗಡೆ ಏನೂ ಗೊತ್ತಾಗುವುದಿಲ್ಲ. ಬಣ್ಣ ಹೊಡೆಯುವ ಮೊದಲೇ ಈ ಜಾಗಗಳನ್ನು ಟೇಪ್ ಹಚ್ಚಿ ಮುಚ್ಚಿಟ್ಟರೆ ಇನ್ನೂ ಒಳ್ಳೆಯದು. ಅದಕ್ಕಾಗಿ ಬಾಡಿ ಕೆಲಸ ಶುರುವಾಗುವ ಮುಂಚೆಯೇ ವೈರಿಂಗ್ ಯೋಚಿಸಿರಬೇಕು. ವೈರಿಂಗನ್ನು ಕೊನೆಗೆ ಬಿಡುವ ಪದ್ಧತಿ ನನಗೆ ಒಪ್ಪಿಗೆಯಾಗದಿರಲು ಇದೂ ಒಂದು ಕಾರಣ.

ಎಂಜಿನ್ನಿನ ಅರ್ತ್ ಇನ್ನೂ ಗಂಭೀರ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಹಾಗಾಗಿ ಎಂಜಿನ್ನಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಅದು ಕಿತ್ತುಹೋಗಿದ್ದರೆ ಅಥವಾ ಬಣ್ಣದ ಮೇಲೆ ಬಿಗಿದಿದ್ದರೆ ಸ್ಟಾರ್ಟರಿನ ನೂರಾರು ಆಂಪಿಯರ್ ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಸಿಗುವ ಸಪೂರ ಚೋಕ್ ಕೇಬಲ್ಲೇ ಆ ದಾರಿ ಆಗಿಬಿಡಬಹುದು. ಹಾಗಾದಾಗ ಸೆಲ್ಫ್ ಒತ್ತಿದರೆ ಕೇಬಲ್ಲು ಕೆಂಪಗೆ ಕಾಯುತ್ತದೆ. ಪೆಟ್ರೋಲ್ ಎಂಜಿನ್ನಿನ ಪಕ್ಕದಲ್ಲಿ ಇದು ಆಗಬಾರದು. 100 ಆಂಪಿಯರ್ ಹರಿಯುವಲ್ಲಿ ಓಮಿನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ 1 ವೋಲ್ಟ್ ಹೋಗುತ್ತದೆ, ಸಾಮಾನ್ಯ ಮೀಟರಿನ ಓಮ್ ಮಾಪನಕ್ಕೆ ಅಷ್ಟು ಸಣ್ಣದು ಸಿಕ್ಕುವುದೇ ಇಲ್ಲ. ಆ ಪಟ್ಟಿಯನ್ನು ಹೊಸದು ಹಾಕಿ, ಎರಡೂ ತುದಿ ಕೆರೆದು ಬಿಗಿಯಿರಿ, ಚರ್ಚೆ ಬೇಡ.

ಫ್ಯೂಸು ಹುಡುಕುವವರಿಗೆ ಈ ಲಾರಿಯಲ್ಲಿ ಫ್ಯೂಸು ಸಿಗುವುದಿಲ್ಲ. ಅದರ ಬದಲು ಬಿಸಿಯಾದಾಗ ತಾನೇ ಬಿಟ್ಟುಕೊಂಡು, ತಣ್ಣಗಾದಾಗ ತಾನೇ ಕೂಡಿಕೊಳ್ಳುವ ಸರ್ಕಿಟ್ ಬ್ರೇಕರುಗಳಿವೆ. ಯುದ್ಧಭೂಮಿಯಲ್ಲಿ ಫ್ಯೂಸ್ ಸುಟ್ಟು ಹೆಡ್‌ಲೈಟ್ ಪೂರ್ತಿ ಸಾಯುವುದಕ್ಕಿಂತ, ಆರಿ ಹತ್ತಿ ಮಾಡುತ್ತಲಾದರೂ ದಾರಿ ಕಾಣಿಸಲಿ ಎಂಬ ಯೋಚನೆ. ಹಳೇ ಲಾರಿಯ ಮಟ್ಟಿಗೆ ಇದರಲ್ಲಿ ಅಪಾಯವೂ ಇದೆ. ಎಲ್ಲೋ ಶಾರ್ಟ್ ಆಗಿದ್ದರೆ ಬ್ರೇಕರ್ ಟಿಕ್ ಟಿಕ್ ಎಂದು ಬಿಟ್ಟು ಕೂಡಿ ಮಾಡುತ್ತ, ಅದೇ ವೈರನ್ನು ಮತ್ತೆ ಮತ್ತೆ ಕಾಯಿಸುತ್ತದೆ. ಹೊಸ ವೈರಿಗೆ ಮೊದಲ ಸಲ ಕರೆಂಟ್ ಕೊಡುವಾಗ ಬ್ಯಾಟರಿಯನ್ನು ನೇರ ಜೋಡಿಸದೆ, ನಡುವೆ 24 ವೋಲ್ಟಿನ ಬಲ್ಬೊಂದನ್ನು ಸೀರೀಸಿನಲ್ಲಿ ಇಡುತ್ತೇನೆ. ಎಲ್ಲ ಸ್ವಿಚ್ಚೂ ಆಫ್ ಇದ್ದಾಗ ಆ ಬಲ್ಬು ಉರಿಯಬಾರದು. ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ, ಆದರೆ ಏನೂ ಸುಟ್ಟುಹೋಗಿರುವುದಿಲ್ಲ. ಬ್ಯಾಟರಿಗೆ ಒಂದು ಮೇನ್ ಸ್ವಿಚ್ಚನ್ನೂ ಹಾಕುತ್ತೇನೆ. ಅದು ಮೂಲದಲ್ಲಿ ಇರಲಿಲ್ಲ, ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಇಗ್ನಿಷನ್, ಅಂದರೆ ಪ್ಲಗ್ಗುಗಳಿಗೆ ಕಿಡಿ ಕೊಡುವ ಏರ್ಪಾಡಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಅದೇ ಒಂದು ದೊಡ್ಡ ಬರಹವಾಗುವಷ್ಟಿದೆ. ಹೊಳೆ ದಾಟುವಾಗ ಎಂಜಿನ್ ನಿಲ್ಲಬಾರದೆಂದು ಕಾಯಿಲ್, ಪಾಯಿಂಟು, ಕಂಡೆನ್ಸರ್ ಎಲ್ಲವನ್ನೂ ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಒಂದೇ ಡಬ್ಬಿಯೊಳಗೆ ಸೀಲ್ ಮಾಡಿದ್ದಾರೆ. ಪ್ಲಗ್ಗಿಗೆ ಹೋಗುವ ವೈರುಗಳಿಗೆ ಲೋಹದ ಹೊದಿಕೆ. ಅದು ನೀರನ್ನೂ ತಡೆಯುತ್ತದೆ, ಕಿಡಿಯ ಗದ್ದಲ ರೇಡಿಯೊಗೆ ಸೇರದಂತೆಯೂ ನೋಡಿಕೊಳ್ಳುತ್ತದೆ. ಹೀಗೆ ಮುಚ್ಚಿದ ಡಬ್ಬಿಯೊಳಗೆ ಕಿಡಿ ಹಾರುತ್ತಿದ್ದರೆ ಓಜೋನ್ ತುಂಬಿ, ತೇವ ಕೂತು, ಲೋಹವನ್ನು ತಿನ್ನುತ್ತದೆ. ಅದಕ್ಕೆ ಗಾಳಿಯಾಡಲು ಸಣ್ಣ ಕೊಳವೆಗಳನ್ನು ಕೊಟ್ಟಿದ್ದಾರೆ. ಇವು ಬೇಡವೆಂದು ಯಾರೋ ಕಿತ್ತು ತೂತಿಗೆ ಬೋಲ್ಟ್ ಜಡಿದಿರುವ ಲಾರಿಗಳನ್ನು ನೋಡಿದ್ದೇನೆ. ಮುಚ್ಚಳ ತೆಗೆದರೆ ಒಳಗೆ ಹಸಿರು ಕಿಲುಬು. ಕೊಳವೆಗಳನ್ನು ತಪ್ಪದೆ ವಾಪಸ್ಸು ಜೋಡಿಸಿ.

ಡೈನಮೋ ಇರುವ ಲಾರಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಡೈನಮೋ ಕರೆಂಟ್ ಹುಟ್ಟಿಸಲು ಅದರ ಕಬ್ಬಿಣದಲ್ಲಿ ಉಳಿದುಕೊಂಡ ಅಲ್ಪಸ್ವಲ್ಪ ಆಯಸ್ಕಾಂತ ಶಕ್ತಿಯೇ ಬೀಜ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಮಾಯವಾಗಿರಬಹುದು, ಬಿಚ್ಚಿ ಜೋಡಿಸುವಾಗ ತಿರುಗಾಮುರುಗಾ ಆಗಿರಬಹುದು. ತಿರುಗಾಮುರುಗಾ ಆಗಿದ್ದರೆ ಕಟೌಟಿನ (ಡೈನಮೋಗೂ ಬ್ಯಾಟರಿಗೂ ನಡುವಿನ ಸಂಪರ್ಕ ತಾನೇ ಕೂಡಿಸಿ ಬಿಡಿಸುವ ಸ್ವಿಚ್ಚಿನ) ಪಾಯಿಂಟುಗಳು ಬೆಸೆದುಕೊಂಡು ಎಲ್ಲ ಹಾಳಾಗುತ್ತದೆ. ಎಂಜಿನ್ ಎಬ್ಬಿಸುವ ಮೊದಲು ಬ್ಯಾಟರಿಯಿಂದ ಒಂದು ಕ್ಷಣ ಕರೆಂಟ್ ಮುಟ್ಟಿಸಿ ಧ್ರುವ ಸರಿಪಡಿಸಬೇಕು. ಡೈನಮೋದೊಳಗೆ ಆಯಸ್ಕಾಂತ ಶಕ್ತಿ ಹುಟ್ಟಿಸುವ ಫೀಲ್ಡ್ ಸುರುಳಿ ಎಲ್ಲಿ ಅರ್ತ್ ಆಗುತ್ತದೆ ಎಂಬುದರ ಮೇಲೆ ಮುಟ್ಟಿಸುವ ಕ್ರಮ ಬೇರೆಯಾಗುತ್ತದೆ, ಆದ್ದರಿಂದ ಮ್ಯಾನುಯಲ್ ತೆಗೆದು ಓದಿದ ಮೇಲೆಯೇ ಕೈ ಹಾಕಿ. ಟಿಎಂ 9-8030 ಎಂಬ ಸೈನ್ಯದ ಕೈಪಿಡಿ ಎಂ37ರದ್ದೇ. ಇಷ್ಟು ನಿಚ್ಚಳವಾಗಿ ಬರೆದ ತಾಂತ್ರಿಕ ಪುಸ್ತಕಗಳನ್ನು ನಾನು ಹೆಚ್ಚು ಕಂಡಿಲ್ಲ.

24 ವೋಲ್ಟ್ ಬರುವುದು 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದಾಗ. ಇಲ್ಲಿಯೇ ಒಂದು ಆಸೆ ಹುಟ್ಟುತ್ತದೆ: ಫೋನ್ ಚಾರ್ಜ್ ಮಾಡಲು, ಸಣ್ಣ ಸ್ಟೀರಿಯೊಗೆ, ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದುಕೊಂಡರೆ ಆಯಿತಲ್ಲ ಎಂದು. ಬೇಡ. ಚಾರ್ಜ್ ಆಗುವಾಗ ಎರಡಕ್ಕೂ ಒಂದೇ ಕರೆಂಟ್ ಹರಿಯುತ್ತದೆ, ಖರ್ಚು ಮಾತ್ರ ಒಂದರಿಂದ. ಖರ್ಚಾಗುವ ಬ್ಯಾಟರಿ ಎಂದೂ ತುಂಬುವುದಿಲ್ಲ, ಇನ್ನೊಂದು ತುಂಬಿ ಕುದಿಯುತ್ತದೆ. ಒಟ್ಟು ವೋಲ್ಟೇಜ್ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಂದೊಂದನ್ನೇ ಅಳೆದರೆ ಒಂದು 11.9, ಇನ್ನೊಂದು 13.1 ಎಂಬಂಥ ಅಂಕಿಗಳು ಸಿಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಕೊಂಡರೆ ಈ ತೊಂದರೆಯೇ ಇಲ್ಲ. ಎರಡೂ ಬ್ಯಾಟರಿಗಳು ಒಂದೇ ವಯಸ್ಸಿನವಾಗಿರಲಿ, ಬದಲಾಯಿಸಿದರೆ ಜೊತೆಯಾಗಿಯೇ ಬದಲಾಯಿಸಿ.

12 ವೋಲ್ಟಿಗೆ ಹೋದವರು ಮೊದಲು ಕೈಬಿಡುವುದು ಬ್ಲ್ಯಾಕ್‌ಔಟ್ ದೀಪಗಳನ್ನು, ಇವತ್ತು ಅವುಗಳಿಂದ ಉಪಯೋಗವಿಲ್ಲ ಎಂದು. ನನಗೆ ಅದು ತುಂಬ ಬೇಸರ ತರುತ್ತದೆ. ಎಡ ಮಡ್‌ಗಾರ್ಡಿನ ಮೇಲಿರುವ, ಹುಬ್ಬಿನಂಥ ಮುಚ್ಚಳದ ದೀಪ ಮೇಲಿನಿಂದ ಕಾಣದಂತೆ ನೆಲಕ್ಕೆ ಮಾತ್ರ ಸ್ವಲ್ಪ ಬೆಳಕು ಚೆಲ್ಲುತ್ತದೆ. ಹಿಂದಿನ ಬ್ಲ್ಯಾಕ್‌ಔಟ್ ದೀಪಗಳಲ್ಲಿ ಸಣ್ಣ ಕೆಂಪು ಕಿಂಡಿಗಳ ಜೋಡಿಗಳಿವೆ. ಹಿಂದೆ ಬರುವ ಡ್ರೈವರನಿಗೆ 60 ಅಡಿಗಿಂತ ಹತ್ತಿರವಿದ್ದರೆ ಎರಡು ಜೋಡಿ ಕಾಣುತ್ತವೆ. 60ರಿಂದ 180 ಅಡಿಯೊಳಗೆ ಒಂದೇ ಜೋಡಿ, ಅದಕ್ಕಿಂತ ದೂರವಾದರೆ ಎಲ್ಲ ಕೂಡಿ ಒಂದೇ ಚುಕ್ಕೆ. ಕತ್ತಲಲ್ಲಿ ಸಾಲಾಗಿ ಹೋಗುವ ಲಾರಿಗಳಿಗೆ ಅಂತರ ತಿಳಿಸಲು ಬೇರೆ ಯಾವ ಉಪಕರಣವೂ ಬೇಕಿಲ್ಲ, ಮನುಷ್ಯನ ಕಣ್ಣಿನ ಮಿತಿಯನ್ನೇ ಅಳತೆಗೋಲಾಗಿ ಬಳಸಿದ್ದಾರೆ. ಲೈಟ್ ಸ್ವಿಚ್ಚಿನಲ್ಲೂ ಇದೇ ಜಾಗರೂಕತೆ. ಮೂರು ಸಣ್ಣ ಹಿಡಿಗಳಲ್ಲಿ ಒಂದು ಬೀಗದ್ದು. ಅದನ್ನು ಎತ್ತಿ ಹಿಡಿಯದೆ ಮುಖ್ಯ ಹಿಡಿ ಹೆಡ್‌ಲೈಟಿನ ಕಡೆಗೆ ಜರುಗುವುದಿಲ್ಲ, ಯಾಕೆಂದರೆ ತಪ್ಪಿ ಕೈ ತಾಗಿ ಹತ್ತಿದ ಒಂದು ಹೆಡ್‌ಲೈಟು ಇಡೀ ಸಾಲನ್ನು ಶತ್ರುವಿಗೆ ತೋರಿಸಿಬಿಡುತ್ತಿತ್ತು. ಆ ಬೀಗವನ್ನು ತೆರೆಯುವಾಗ ಬೆರಳಿಗೆ ಸಿಗುವ ಗಟ್ಟಿ ತಡೆ ನನಗೆ ಈ ಲಾರಿಯಲ್ಲಿ ಅತ್ಯಂತ ಇಷ್ಟವಾದ ಅನುಭವ.

ಹಾಗೆಂದು ಏನನ್ನೂ ಸೇರಿಸಬಾರದು ಎಂಬ ಹಟ ನನಗಿಲ್ಲ. ಇವತ್ತಿನ ರಸ್ತೆಯಲ್ಲಿ ಇಂಡಿಕೇಟರ್ ಇಲ್ಲದೆ ಹೋಗುವುದು ಬೇರೆಯವರ ಜೀವದ ಜೊತೆ ಆಟ. ಶುರುವಿನ ಎಂ37ಗಳಲ್ಲಿ ಅವು ಇರಲಿಲ್ಲ. ಮುಂದೆ ಸೈನ್ಯವೇ ತನ್ನ ಗಾಡಿಗಳಿಗೆ ಹಾಕಿಸಿತು, ಅವಕ್ಕೂ ನಂಬರು ಕೊಟ್ಟಿತು: ಎಡಗಡೆಗೆ 460, ಬಲಗಡೆಗೆ 461. ನಾನು ಎಳೆದ ಇಂಡಿಕೇಟರ್ ವೈರುಗಳಿಗೂ ಅದೇ ನಂಬರಿನ ಪಟ್ಟಿ ಒತ್ತಿದ್ದೇನೆ. ಸೈನ್ಯದ ಪಟ್ಟಿಯಲ್ಲಿ ಇಲ್ಲದ ನನ್ನ ಎರಡು ಸೇರ್ಪಡೆಗಳು, ಅಂದರೆ ಮೇನ್ ಸ್ವಿಚ್ಚು ಮತ್ತು ಕನ್ವರ್ಟರ್, ಮೂಲ ನಂಬರುಗಳ ಜೊತೆ ಗೊಂದಲವಾಗದಂತೆ ಅಕ್ಷರದ ಗುರುತು ಹೊತ್ತಿವೆ. ಅವನ್ನು ಸೇರಿಸಿ ನಕ್ಷೆಯನ್ನು ಕೈಯಲ್ಲೇ ಮತ್ತೆ ಬರೆದು, ಲ್ಯಾಮಿನೇಟ್ ಮಾಡಿಸಿ, ಮ್ಯಾನುಯಲ್ಲಿನ ಜೊತೆ ಲಾರಿಯಲ್ಲೇ ಇಟ್ಟಿದ್ದೇನೆ. ಇನ್ನು ಬಾಕಿ ಉಳಿದಿರುವುದು 28ನೇ ವೈರು. ಪೆಟ್ರೋಲ್ ಗೇಜು ಅರ್ಧ ಟ್ಯಾಂಕಿಗೂ ಪೂರ್ತಿ ಅನ್ನುತ್ತಿದೆ. ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆದು ಗೇಜಿಗೆ ತಿಳಿಸುವ ಸೆಂಡರಿನ ಅಂಚು (ಫ್ಲೇಂಜ್) ಕೂರುವ ಜಾಗಕ್ಕೂ, ಟ್ಯಾಂಕಿನಿಂದ ಚಾಸಿಗೂ ನಡುವೆ ಬಣ್ಣ ಇದೆಯೇ ಎಂದು ಮೊದಲು ನೋಡಬೇಕು, ಆಮೇಲೆ ಸೆಂಡರನ್ನು ಬಿಚ್ಚುವ ಮಾತು.